ಕಪ್ಪು ಮೊದಲು

ಫಟ್ಟೆಂದು ಕಿಡಿ ಹಾರಿತು. ಸ್ಪ್ಯಾನರ್ ಒಂದು ಕಡೆ, ಗ್ಯಾರೇಜಿನ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಅವನ ತಮ್ಮನ ಹೆಂಡತಿ ಒಂದು ಕಡೆ. ಅವಳ ಬಲಗೈ ಬೆರಳುಗಳು ಸುಟ್ಟು ಕೆಂಪಗಾಗಿದ್ದವು. ಓಡಿಬಂದ ಮೇಸ್ತ್ರಿ ಮೊದಲು ನೋಡಿದ್ದು ಆ ಕೈಯನ್ನಲ್ಲ, ಐಸ್‌ಕ್ರೀಮ್ ವ್ಯಾನಿನ ಮಾಲೀಕನ ಮುಖವನ್ನು. ಇಪ್ಪತ್ತು ವರ್ಷದ ಗಿರಾಕಿ ಅವನು.

ಹೆಂಗಸರ ಕೈಗೆ ಇದನ್ನೆಲ್ಲ ಕೊಟ್ಟರೆ ಹೀಗೇ ಎಂದು ಮಾಲೀಕ ಗೊಣಗಿದ. ಮೇಸ್ತ್ರಿಗೂ ಮಾನ ಉಳಿಸಿಕೊಳ್ಳಬೇಕಿತ್ತಲ್ಲ, ಅವಳ ಮೇಲೆ ಹರಿಹಾಯ್ದ. ಎರಡು ವರ್ಷ ಬಡಕೊಂಡರೂ ತಲೆಗೆ ಹತ್ತಲಿಲ್ಲವೇ, ನಾಳೆಯಿಂದ ಸ್ಪ್ಯಾನರ್ ಮುಟ್ಟಬೇಡ, ಬಂದವರಿಗೆ ಕುರ್ಚಿ ಹಾಕಿಕೊಂಡಿರು ಎಂದ. ಅವಳು ನಲ್ಲಿಯ ಕೆಳಗೆ ಕೈ ಹಿಡಿದು ನಿಂತಳು.

ಕೆಲಸ ತಾನೇ ಮುಗಿಸೋಣವೆಂದು ಮೇಸ್ತ್ರಿ ಸೀಟಿನಡಿ ತಲೆ ತೂರಿಸಿ ಟಾರ್ಚ್ ಬಿಟ್ಟ. ಫ್ರಿಜ್ ನಡೆಸುವ ಎರಡನೇ ಬ್ಯಾಟರಿ ಅಲ್ಲಿತ್ತು. ಅವಳು ಬಿಚ್ಚಹೊರಟಿದ್ದು ಮೈನಸ್ಸಿಗೆ ಹಾಕುವ ಕಪ್ಪು ಕೇಬಲನ್ನೇ, ಮೊದಲು ಬಿಚ್ಚಬೇಕಾದದ್ದೂ ಅದನ್ನೇ. ಮತ್ತೆ ಕಿಡಿ ಯಾಕೆ? ಧೂಳು ಒರೆಸಿದ, ಪ್ಲಸ್ ಗುರುತು ಕಂಡಿತು. ಮೈನಸ್ ಬಿಚ್ಚದೆ ಪ್ಲಸ್ಸಿಗೆ ಹಾಕಿದ ಸ್ಪ್ಯಾನರ್ ವ್ಯಾನಿನ ಕಬ್ಬಿಣಕ್ಕೆ ತಗುಲಿತ್ತು. ಕೇಬಲಿನ ತುದಿಯಲ್ಲಿ ಒಣಗಿದ ಅಂಟು, ಅದಕ್ಕೆ ಮೆತ್ತಿಕೊಂಡಿದ್ದ ಉಗುರಿನಷ್ಟು ಕೆಂಪು ಟೇಪು.

ಅವನಿಗೆ ಎಲ್ಲ ನೆನಪಾಯಿತು. ಆರು ವರ್ಷದ ಹಿಂದೆ ಪ್ಲಸ್ಸಿಗೆ ಹಾಕುವ ಕೆಂಪು ಕೇಬಲ್ ಮುಗಿದಿತ್ತು, ಮಾಲೀಕನಿಗೆ ಅವಸರ. ಕಪ್ಪನ್ನೇ ಹಾಕಿ, ತುದಿಗೆ ಕೆಂಪು ಟೇಪು ಸುತ್ತಿ, ನಾಳೆ ಬದಲಾಯಿಸಿದರಾಯಿತು ಎಂದವನು ತಾನೇ. ಆ ನಾಳೆ ಬರಲೇ ಇಲ್ಲ. ‘ಮೈನಸ್ ಮೊದಲು’ ಎಂದು ಕಲಿಸುವುದು ಬಿಟ್ಟು, ನೆನಪಿಗೆ ಸುಲಭವೆಂದು ‘ಕಪ್ಪು ಮೊದಲು’ ಎಂದು ಕಲಿಸಿ, ಗೋಡೆಯ ಮೇಲೂ ಬಣ್ಣದಲ್ಲಿ ಬರೆದು ಮೆರೆದವನೂ ತಾನೇ. ನಾಚಿಕೆಯಿಂದ ತಲೆ ಹೊರಗೆ ತೆಗೆಯುವುದೇ ಕಷ್ಟವಾಯಿತು. ಈ ಟೇಪಿನ ಚೂರು ಕಿತ್ತುಬಿಟ್ಟರೆ ತನ್ನ ಕೆಲಸವೆಂದು ಯಾರಿಗೂ ಗೊತ್ತಾಗದು ಅನ್ನಿಸಿತು. ಕಿತ್ತು ಜೇಬಿಗೆ ಹಾಕಿಯೂಬಿಟ್ಟ.

ಅಷ್ಟರಲ್ಲಿ ಅವಳು ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬಂದಳು.

“ತಪ್ಪಾಯ್ತು ಭಾವ. ಕಪ್ಪು ಮೊದ್ಲು ಅಂತ ಹೇಳ್ಕೊಂಡೇ ಬಿಚ್ಚಿದೆ. ಆದ್ರೂ ಎಲ್ಲೋ ಎಡವಟ್ಟು ಮಾಡ್ಕೊಂಡೆ.”

ಮೇಸ್ತ್ರಿ ಎದ್ದು ಮಾಲೀಕನನ್ನು ಕರೆದ. ಜೇಬಿನ ಟೇಪನ್ನು ಅಂಗೈ ಮೇಲಿಟ್ಟು ತೋರಿಸಿದ.

“ಇವಳದ್ದೇನೂ ತಪ್ಪಿಲ್ಲ. ಪ್ಲಸ್ಸಿಗೆ ಕಪ್ಪು ಕೇಬಲ್ ಹಾಕಿದ್ದು ನಾನು. ಈಗ ಇದನ್ನ ಬಚ್ಚಿಟ್ಕೊಂಡಿದ್ದೂ ನಾನೇ.”

ಮಾಲೀಕ ಮುಖ ತಿರುಗಿಸಿಕೊಂಡ. ಅವಳು ಟೇಪಿನ ಚೂರನ್ನು ನೋಡಿದಳು, ಆಮೇಲೆ ಗೋಡೆಯ ಅಕ್ಷರಗಳನ್ನು. ಕೆಳಗೆ ಬಿದ್ದಿದ್ದ ಸ್ಪ್ಯಾನರನ್ನು ಎಡಗೈಯಲ್ಲಿ ಎತ್ತಿಕೊಂಡು, ಮೈನಸ್ ಎಲ್ಲಿದೆ ತೋರಿಸಿ ಎಂದಳು.

ಸಡಿಲವಾಗಿದ್ದ ಪ್ಲಸ್ ತುದಿಗೆ ಅವನು ದಪ್ಪ ರಬ್ಬರ್ ಸುತ್ತಿ, ಮೈನಸ್ ಇದ್ದ ಮೂಲೆಯತ್ತ ಟಾರ್ಚ್ ಹಿಡಿದ. ಅವಳು ಬಗ್ಗಿ ನಟ್ಟಿಗೆ ಸ್ಪ್ಯಾನರ್ ಕೂರಿಸಿದಳು.

“ಬೆಳಕು ಅಲ್ಲಾಡಿಸ್ಬೇಡಿ ಭಾವ,” ಎಂದಳು.

ಅವನು ಇನ್ನೊಂದು ಕೈಯನ್ನೂ ಟಾರ್ಚಿಗೆ ಕೊಟ್ಟ.