ಎರಡು ಕೆನ್ನೆಗಳ ಪಂದ್ಯ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಈ ಇಬ್ಬರು ಡಾಕ್ಟರುಗಳ ಜಗಳ ಮಾತ್ರ ಉಂಡು, ಮಲಗಿ, ಎದ್ದು, ಆಸ್ಪತ್ರೆಯ ದವಡೆ ವಿಭಾಗಕ್ಕೂ ಜೊತೆಯಲ್ಲೇ ಬರುತ್ತಿತ್ತು. ಕಾರಣ ಬುದ್ಧಿಹಲ್ಲು. ಅಡ್ಡಡ್ಡ ಬೆಳೆದ ಬುದ್ಧಿಹಲ್ಲನ್ನು ಒಸಡು ಕೊಯ್ದು ತೆಗೆದ ಮೇಲೆ ಗಾಯವನ್ನು ಪೂರ್ತಿ ಹೊಲಿದು ಮುಚ್ಚಬೇಕು ಎಂದು ಹೆಂಡತಿ. ಸ್ವಲ್ಪ ಸಂದು ಬಿಟ್ಟರೆ ಒಳಗೆ ಕಟ್ಟಿದ ರಕ್ತ, ನೀರು ಹೊರಗೆ ಹರಿದು ಊತ ಕಮ್ಮಿಯಾಗುತ್ತದೆ ಎಂದು ಗಂಡ. ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು. ನರ್ಸುಗಳು ಆಕೆಗೆ ಹೊಲಿಗೆಯಮ್ಮ, ಆತನಿಗೆ ಅರೆಬಾಗಿಲಪ್ಪ ಎಂದು ಹೆಸರಿಟ್ಟಿದ್ದರು.

ಕೊನೆಗೆ ವಿಭಾಗದ ಮುಖ್ಯಸ್ಥರಿಗೇ ಸಾಕಾಯಿತು. "ನಿಮ್ಮ ವಾದ ಕೇಳಿ ಕೇಳಿ ನನ್ನ ಹಲ್ಲೇ ಉದುರೋ ಹಾಗಿದೆ. ಅಧ್ಯಯನ ಮಾಡಿ, ಮುಗಿಸಿ" ಎಂದರು.

ಹಾಗೆ ಶುರುವಾಯಿತು. ಎರಡೂ ಕಡೆ ಹಲ್ಲು ತೆಗೆಸಬೇಕಾದವರು ಒಪ್ಪಿದರೆ, ಒಂದು ಕಡೆ ಪೂರ್ತಿ ಹೊಲಿಗೆ, ಇನ್ನೊಂದು ಕಡೆ ಸಂದು. ಯಾವ ಕಡೆಗೆ ಯಾವುದು ಎಂದು ಚೀಟಿ ಎತ್ತಿ ತೀರ್ಮಾನ. ಆಮೇಲೆ ಅದೇನೂ ಗೊತ್ತಿಲ್ಲದ ಬೇರೊಬ್ಬರು ಟೇಪು ಹಿಡಿದು ಕೆನ್ನೆಯ ಊತ ಅಳೆಯುವುದು. ಹೊಲಿಗೆಯಮ್ಮ ಹೊರಗೆ ನಗುತ್ತಿದ್ದರೂ ಒಳಗೆ ಪುಕುಪುಕು. ಸೋತರೆ, ಗುರುಗಳಿಂದ ಕಲಿತು ತಾನು ಎಷ್ಟೋ ಮಂದಿಗೆ ಕಲಿಸಿದ ಕೈಗೆಲಸವನ್ನೇ ಬಿಡಬೇಕಿತ್ತು.

ಎಲ್ಲರ ಕೆನ್ನೆ ಅಳೆದು ಮುಗಿದ ಮೇಲೆ ಲೆಕ್ಕದ ಮೇಷ್ಟ್ರು, ಅಂದರೆ ಅಂಕಿಅಂಶ ನೋಡುವವರು, ಇಬ್ಬರನ್ನೂ ಕೂರಿಸಿಕೊಂಡರು. "ಒಂದನೇ ವಿಧಾನದಲ್ಲಿ ಊತ, ನೋವು ಎರಡೂ ಕಮ್ಮಿ. ಒಂದನೇದು ಯಾರದ್ದು ಅಂತ ನಾಳೆ ಹೇಳ್ತೀನಿ. ಈಗಲೇ ತೀರ್ಮಾನ ಬರೆದು ಸಹಿ ಹಾಕಿ. ಹೆಸರು ಗೊತ್ತಾದ ಮೇಲೆ ಬರೆದ್ರೆ ಕೈ ಒಂದು ಕಡೆ ವಾಲುತ್ತೆ."

ಒಂದನೆಯದನ್ನೇ ಎಲ್ಲರೂ ಅನುಸರಿಸಬೇಕೆಂದು ಇಬ್ಬರೂ ಖುಷಿಯಿಂದ ಬರೆದರು. ಕೂಸು ಹುಟ್ಟುವ ಮುಂಚೆ ಕುಲಾವಿ! ಆ ಸಂಜೆ ಮನೆಯಲ್ಲಿ ಎಂದೂ ಇಲ್ಲದ ಮರ್ಯಾದೆ. ಆಕೆ ಕೇಳದೆಯೇ ಕಾಫಿ ಕೊಟ್ಟಳು. ಆತ ಹೇಳಿಸಿಕೊಳ್ಳದೆಯೇ ಪಾತ್ರೆ ತೊಳೆದ.

"ಬೇಜಾರು ಮಾಡ್ಕೋಬೇಡಿ, ಸೋಲು ಗೆಲುವು ಇದ್ದಿದ್ದೇ" ಎಂದಳು ಮೆತ್ತಗೆ.

"ಅಯ್ಯೋ, ಅದನ್ನ ನಾನು ನಿನಗೆ ಹೇಳೋಣ ಅಂತಿದ್ದೆ!"

ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಮರುದಿನ ಗೊತ್ತಾಯಿತು, ಒಂದನೆಯದು ಗಂಡನ ಅರೆಬಾಗಿಲು. ಆಕೆ ತಾನೇ ಸಹಿ ಹಾಕಿದ ಹಾಳೆಯನ್ನು ಇನ್ನೊಮ್ಮೆ ಓದಿದಳು. ಇಷ್ಟು ವರ್ಷ ಹಂಗಿಸಲು ಕಾದಿದ್ದ ಗಂಡ ಹೊತ್ತು ಬಂದಾಗ, "ಬಾ, ಟೀ ಕುಡಿಯೋಣ" ಎಂದನಷ್ಟೆ. ಆತನ ಮೇಲೆ ಆಕೆಗೆ ಪ್ರೀತಿ ಬಂತು, ಸಿಟ್ಟೂ ಬಂತು.

ಆ ವಾರವೇ ನಾದಿನಿ ಬುದ್ಧಿಹಲ್ಲು ತೆಗೆಸಲು ಬಂದಳು. ಅಧ್ಯಯನಕ್ಕೂ ಮೊದಲೇ ಅವಳ ಬಲಗಡೆಯದನ್ನು ತೆಗೆದು ಹೊಲಿದವಳು ಹೊಲಿಗೆಯಮ್ಮನೇ. ಅಣ್ಣನ ಹತ್ತಿರ ಹೋಗದೆ ಈ ಸಲವೂ ಅತ್ತಿಗೆಯೇ ಬೇಕೆಂದಳು. ಹಲ್ಲು ತೆಗೆದು ಒಂದೆರಡು ಹೊಲಿಗೆ ಹಾಕಿದ ಮೇಲೆ ಬೆರಳು ರೂಢಿಯಂತೆ ಇನ್ನೊಂದು ಹೊಲಿಗೆಗೆ ಹೊರಟಿತು. ಆಕೆ ಸಂದು ಬಿಟ್ಟು ಸೂಜಿ ಕೆಳಗಿಟ್ಟಳು.

ಊತ ಏರಬೇಕಾದ ದಿನ ನಾದಿನಿ ಬಂದರೆ ಕೆನ್ನೆ ಹೆಚ್ಚುಕಮ್ಮಿ ಇದ್ದಂತೆಯೇ ಇತ್ತು.

"ಅತ್ತಿಗೆ, ಈ ಸಲ ಎಷ್ಟೋ ವಾಸಿ! ಹೋದ ಸಲ ಮುಖ ಕುಂಬಳಕಾಯಿ ಆಗಿತ್ತು. ನೀರು ಕುಡಿಯೋಕೂ ಬಾಯಿ ತೆರೆಯೋಕೆ ಆಗ್ತಿರಲಿಲ್ಲ."

"ಆಗ ಚೆನ್ನಾಗಿದೀನಿ ಅಂತ ಮೆಸೇಜು ಹಾಕಿದ್ದೆಯಲ್ಲೇ!"

"ಅಣ್ಣನ ಕಿವಿಗೆ ಬಿದ್ರೆ ನಿಮ್ಮನ್ನ ಆಡ್ಕೊಂಡು ನಗ್ತಾನೆ ಅಂತ ಸುಳ್ಳು ಹೇಳಿದೆ."

ಆ ಒಂದು 'ಚೆನ್ನಾಗಿದೀನಿ'ಯನ್ನು ಹೊಲಿಗೆಯಮ್ಮ ವಿದ್ಯಾರ್ಥಿಗಳ ಮುಂದೆ ಎಷ್ಟು ಸಲ ಹೇಳಿಕೊಂಡು ಬೀಗಿದ್ದಳೋ. ತನ್ನ ಮಾನ ಕಾಯಲು ಈ ಹುಡುಗಿ ಬಾಗಿಲು ಹಾಕಿಕೊಂಡು ಒಬ್ಬಳೇ ನರಳಿದ್ದಳು. ಕಣ್ಣು ತುಂಬಿ ಬಂತು. ಹಾಗೆಯೇ, ಇನ್ನು ಯಾರೂ ಹಾಗೆ ನರಳಬೇಕಿಲ್ಲ ಎಂದು ಎದೆ ಹಗುರವೂ ಆಯಿತು. ಸೋತದ್ದು ಈಗ ನಿಜವಾಗಿಯೂ ಒಳ್ಳೆಯದೇ ಅನ್ನಿಸಿತು. ನಾದಿನಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇನ್ಮೇಲೆ ನನ್ನ ಹತ್ರ ನೋವು ಮುಚ್ಚಿಡಬೇಡ ಕಣೇ."

"ಆಯ್ತು ಅತ್ತಿಗೆ. ಹಾಗಾದ್ರೆ ಮೊದಲು ಕೈ ತೆಗೀರಿ, ನೋಯ್ತಿದೆ."