ಕರವಸ್ತ್ರಕ್ಕೆ ಹತ್ತದ ಬಣ್ಣ

ಬಿಸಿಲಿಗೆ ಬಿಳಿಚಿಕೊಂಡ ಬಟ್ಟೆ ಸೀಟಿನ ನಿಜವಾದ ಬಣ್ಣ ತಿಳಿಯಬೇಕಾದರೆ ತಲೆದಿಂಬನ್ನು ಕಿತ್ತು ಅದರ ಬುಡದಲ್ಲಿ ನೋಡಬೇಕು. ಅಕ್ಕ ಈ ಕಾರಿನಲ್ಲೂ ಹಾಗೆಯೇ ನೋಡಿ, ಕಡುನೀಲಿ ಎಂದು ಗೊತ್ತುಮಾಡಿಕೊಂಡು, ನಾಲ್ಕು ದಿನ ಅದರ ಹಿಂದೆಯೇ ಬಿದ್ದಿದ್ದಳು. ಸೋಪಿನ ನೀರಿನಲ್ಲಿ ಉಜ್ಜಿ ಕೊಳೆ ತೆಗೆದಳು. ಒಣಗಿದ ಮೇಲೆ ಸ್ಪಂಜಿನಿಂದ ಬಣ್ಣ ಒತ್ತಿದಳು. ಹೊಲಿಗೆಯ ಸಂದಿಗಳಿಗೆ ಹಲ್ಲುಜ್ಜುವ ಬ್ರಷ್ಷೇ ಆಯಿತು. ಕೂದಲು ಒಣಗಿಸುವ ಡ್ರೈಯರ್ ಹಿಡಿದು ಬಣ್ಣ ಕೂರುವವರೆಗೂ ಕಾಯಿಸಿದಳು. ಸರಿಹೋಯಿತೋ ಇಲ್ಲವೋ ಎಂಬ ಅಳುಕು ಅವಳಿಗೆ ಹುಟ್ಟುಗುಣ. ಮತ್ತೂ ಎರಡು ಸಲ ಕಾಯಿಸಿದಳು.

ಕಾರು ಆರು ವರ್ಷ ಹಗಲಿರುಳು ಬಾಡಿಗೆಗೆ ಓಡಿ ಸುಸ್ತಾದದ್ದು. ಹಳೆ ಕಾರು ಮಾರುವ ಅವಳ ಗಂಡ ಅಂಥವನ್ನೇ ಹುಡುಕಿ ತರುತ್ತಿದ್ದ. ಮೀಟರ್ ಹಿಂದಕ್ಕೆ ತಿರುಗಿಸುವುದು ಅವನ ಪಾಲು, ಸೀಟು ಅವಳ ಪಾಲು. ಕೊಳ್ಳುವವರ ಮುಖವನ್ನು ಅವಳು ನೋಡುತ್ತಿರಲಿಲ್ಲ. ಅಷ್ಟರಲ್ಲೇ ಹೇಗೋ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು.

ಭಾನುವಾರ ಕೊಳ್ಳಲು ಬಂದವಳು ಅವಳ ಸ್ವಂತ ತಂಗಿ.

ತಂಗಿ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸ್. ಗಾಡಿ ನಡುದಾರಿಯಲ್ಲಿ ಕೈಕೊಟ್ಟರೆ ಅವಳ ಕೆಲಸಕ್ಕೇ ಕುತ್ತು.

"ಒಬ್ರು ಮೇಷ್ಟ್ರ ಗಾಡಿ ಕಣಮ್ಮಾ," ಗಂಡ ಹೇಳುತ್ತಿದ್ದ. "ವಾರಕ್ಕೊಂದ್ಸಲ ಹೊರಗೆ ತೆಗೀತಿದ್ರು ಅಷ್ಟೆ. ನಾನೇನೂ ಹೇಳಲ್ಲ, ಸೀಟು ನೋಡು."

"ಹೌದು ಭಾವ, ಯಾರೂ ಕೂತೇ ಇಲ್ಲವೇನೋ ಅನ್ಸತ್ತೆ!"

ಆ ಮಾತಿಗೆ ಅಕ್ಕನ ಮುಖ ಒಂದು ಗಳಿಗೆ ಅರಳಿತು. ಮರುಗಳಿಗೆಗೇ ನಾಚಿಕೆಯಾಗಿ, ಗಂಡ ಅಲ್ಲೇ ನಿಂತಿದ್ದಾನೆ ಎಂಬುದನ್ನೂ ಲೆಕ್ಕಿಸದೆ ಬಾಯಿಬಿಟ್ಟಳು.

"ಇದನ್ನ ತಗೋಬೇಡ ಕಣೇ. ಬಾಡಿಗೆ ಗಾಡಿ ಇದು. ಸೀಟಿಗೆ ಬಣ್ಣ ಹಾಕಿದ್ದು ನಾನೇ."

"ಇದಕ್ಕಾ? ಹೋಗಕ್ಕ! ಬೀಗ ಹಾಕಿ ಮೂರು ಸಲ ಎಳೆದು ನೋಡೋಳು ನೀನು. ನನ್ನ ಮದುವೇಲೂ 'ಇನ್ನೊಂಚೂರು ಯೋಚನೆ ಮಾಡೇ' ಅಂದಿದ್ದೆ. ಎರಡು ಮಕ್ಕಳಾದ್ವು."

"ನಿನ್ನಾಣೆ ಕಣೇ. ರೀ, ನೀವಾದ್ರೂ ನಿಜ ಹೇಳ್ರೀ."

ಗಂಡ ನಕ್ಕ. "ಮೂರು ಹೊತ್ತೂ ಬಣ್ಣದಲ್ಲೇ ಮುಳುಗಿರ್ತಾಳಲ್ಲ, ನಿಮ್ಮಕ್ಕನಿಗೆ ಕಂಡ ಸೀಟೆಲ್ಲಾ ತಾನೇ ಮಾಡಿದ್ದು ಅನ್ಸತ್ತೆ. ಅನುಮಾನ ಇದ್ರೆ ಒರೆಸಿ ನೋಡಮ್ಮಾ."

ತಂಗಿ ಬಿಳಿ ಕರವಸ್ತ್ರವನ್ನು ಒದ್ದೆಮಾಡಿ ಸೀಟಿನ ಮೇಲೆ ಬಲವಾಗಿ ಉಜ್ಜಿದಳು. ಬಿಡಿಸಿ ಹಿಡಿದಳು. ಹಾಲಿನಷ್ಟು ಬೆಳ್ಳಗಿತ್ತು.

"ಎಲ್ಲಿ ಬಣ್ಣ? ತೋರ್ಸು."

ಅಕ್ಕ ಅದನ್ನು ಕಸಿದುಕೊಂಡು ತಾನೇ ಉಜ್ಜಿದಳು. ತೋಳು ನೋಯುವವರೆಗೆ ಉಜ್ಜಿದರೂ ಒಂದು ಚುಕ್ಕೆ ನೀಲಿ ಹತ್ತಲಿಲ್ಲ. ಬಾಗಿಲಿನ ಅಂಚಿನಲ್ಲಿ, ಬೆಲ್ಟಿನ ಬುಡದಲ್ಲಿ ಎಲ್ಲಾದರೂ ಒಂದು ಹನಿ ಸಿಡಿದಿದೆಯೇ ಎಂದು ಮಂಡಿಯೂರಿ ಹುಡುಕಿದಳು. ಸಿಡಿದದ್ದನ್ನೆಲ್ಲ ಹತ್ತಿಯಲ್ಲಿ ಒರೆಸಿ ಎಸೆದವಳೂ ಅವಳೇ. ಉಗುರು ನೋಡಿಕೊಂಡಳು. ಕೈಗವಸಿಲ್ಲದೆ ಕೆಲಸ ಮಾಡಿದವಳಲ್ಲ. ಕಪಾಟಿನಿಂದ ಕಡುನೀಲಿಯ ಡಬ್ಬಿಯನ್ನೇ ತಂದು ಹಿಡಿದಳು.

"ನಿನ್ನ ಹತ್ರ ಯಾವ ಬಣ್ಣ ಇಲ್ಲ ಹೇಳು?" ತಂಗಿಯ ದನಿ ಇಳಿಯಿತು. ಈಗ ಅದರಲ್ಲಿ ನಗು ಇರಲಿಲ್ಲ. "ನಾನೂ ಒಂದು ಕಾರಲ್ಲಿ ಓಡಾಡೋದು ನಿನಗೆ ಸೇರಲ್ಲ ಅಂದ್ರೆ ನೇರವಾಗಿ ಹೇಳಕ್ಕ. ಸುಮ್ನೆ ಬಣ್ಣ ಕಟ್ಟಬೇಡ."

ತಂಗಿ ಭಾವನ ಕೈಯಿಂದ ಕೀಲಿ ತೆಗೆದುಕೊಂಡಳು. ಕಾರು ಎರಡು ಸಲ ಕೆಮ್ಮಿ, ಮೂರನೆಯ ಸಲ ಹೊರಟಿತು.

"ಪರವಾಗಿಲ್ಲ ಕಣೇ," ಎಂದ ಗಂಡ, ರಸ್ತೆಯನ್ನೇ ನೋಡುತ್ತ. "ಅಷ್ಟು ಉಜ್ಜಿದ್ರೂ ಬಿಡಲಿಲ್ಲ! ಇಂಥ ಕೆಲಸ ಯಾರೂ ಮಾಡಲ್ಲ ಬಿಡು."

ಕುಹಕವಲ್ಲ, ಮನಸಾರೆ ಹೇಳಿದ. ಹನ್ನೊಂದು ವರ್ಷದಲ್ಲಿ ಅವನು ಅವಳ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಅವಳು ಅವನತ್ತ ತಿರುಗಲಿಲ್ಲ. ತಂಗಿಗೆ ಫೋನ್ ಮಾಡಿದಳು. ಎರಡು ಸಲ ರಿಂಗಾಗಿ ಕಟ್ಟಾಯಿತು.