ಗಾಜಿನ ಈಚೆ ಬಂದವಳು

ಹೆಂಡತಿ ವಾಸಿಲೊ ತೀರಿಕೊಂಡ ಮೇಲೆ ಸ್ಟೆರ್ಗಿಯೊಸ್ ಊರಹಬ್ಬಗಳಲ್ಲಿ ಕ್ಲಾರಿನೆಟ್ ನುಡಿಸುವುದನ್ನು ಬಿಟ್ಟಿದ್ದ. ಈಗೀಗ ಎದೆಯಲ್ಲಿ ಉಸಿರೂ ನಿಲ್ಲುತ್ತಿರಲಿಲ್ಲ. ಚಳಿ ಬಿದ್ದ ಮೇಲೆ ವಾದ್ಯ ಮುಟ್ಟಲೇಬಾರದೆಂದು ವೈದ್ಯರು ಹೇಳಿದ್ದರು. ಅದಕ್ಕೆ ಮೊದಲು, ಅವಳು ಕುಣಿಯುತ್ತಿದ್ದ ಒಂದು ಮಟ್ಟನ್ನು ಧ್ವನಿಮುದ್ರಿಸಿಡಬೇಕು. ದೇವಮಾತೆಯಲ್ಲಿ ಅವನು ಬೇಡಿಕೊಂಡದ್ದು ಇಷ್ಟೇ. ಹಾಗೆಂದೇ ಯಾನಿನಾ ಪಟ್ಟಣದ ಸ್ಟುಡಿಯೋಗೆ ಬಂದಿದ್ದ.

ಬೆಳಗಿನಿಂದ ನುಡಿಸಿದ. ಒಂದು ಸ್ವರವೂ ತಪ್ಪಲಿಲ್ಲ. ಆದರೂ ಮತ್ತೆ ಹಾಕಿ ಕೇಳಿದಾಗಲೆಲ್ಲ ಹೆಣಕ್ಕೆ ಸಿಂಗಾರ ಮಾಡಿದಂತಿತ್ತು.

"ಚೆನ್ನಾಗೇ ಬಂದಿದೆಯಲ್ಲ ಮಾಮ, ಇನ್ನೇನ್ ಬೇಕು?" ಎಂದ, ಗಾಜಿನ ಆಚೆ ಯಂತ್ರದ ಮುಂದೆ ಕೂತಿದ್ದ ಲಾಂಬ್ರೊಸ್.

"ನಿಂಗೆ ಕೋಳಿ ಕೂಗಿದ್ರೂ ಚೆನ್ನಾಗೇ ಇರತ್ತೆ," ಎಂದಳು ಅವನ ಪಕ್ಕದಲ್ಲಿದ್ದ ಎವಾಂಥಿಯಾ. ಈ ಧ್ವನಿಮುದ್ರಣದ ನಿರ್ಮಾಪಕಿ ಅವಳೇ. ಅಲ್ಲಿಯವರೆಗೆ ಅವಳು ಹೆಚ್ಚು ಮಾತಾಡಿರಲಿಲ್ಲ. ಮೈಕನ್ನು ಒಮ್ಮೆ ಹತ್ತಿರ ತರಿಸಿದ್ದಳು, ಒಮ್ಮೆ ದೂರ ಇಡಿಸಿದ್ದಳು. ಉಳಿದಂತೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಈಗ ಎದ್ದು ಮುದುಕನಿದ್ದ ಕೋಣೆಗೆ ಬಂದಳು.

"ಮಾಮ, ಹಬ್ಬದಲ್ಲಿ ನುಡಿಸೋವಾಗ ಎಲ್ಲಿ ನೋಡ್ತಿದ್ರಿ?"

"ಇದೆಂಥಾ ಪ್ರಶ್ನೆ ಮಗಳೇ? ಸಾಲಿನ ಮುಂದೆ ಕುಣಿಯೋರ ಕಾಲು ನೋಡ್ತಿದ್ದೆ. ಆ ಕಾಲು ಎದ್ರೆ ನಾನೂ ಏಳ್ಬೇಕು, ಇಳಿಯೋವರೆಗೂ ಕಾಯ್ಬೇಕು."

"ಇಲ್ಲಿ?"

"ಇಲ್ಲೇನಿದೆ? ಗೋಡೆ. ಬಿಟ್ರೆ ಆ ಲಾಂಬ್ರೊಸನ ಮೂತಿ."

ಎವಾಂಥಿಯಾ ಬಗ್ಗಿ ಶೂ ಬಿಚ್ಚಿ ಬಾಗಿಲ ಬಳಿ ಇಟ್ಟಳು. ಸಾಲಿನ ಮುಂದೆ ಕುಣಿಯುವವರಂತೆ ಕೈಯಲ್ಲಿ ಕರವಸ್ತ್ರ ಹಿಡಿದು ಅವನ ಎದುರು ಬಂದು ನಿಂತಳು.

"ನಂಗೆ ಅಷ್ಟು ಚೆನ್ನಾಗಿ ಬರಲ್ಲ. ಬೈಬೇಡಿ, ನುಡಿಸಿ."

ಅವನು ಉಸಿರೆಳೆದ. ಕಾಲುಚೀಲದ ಪಾದಗಳು ಸದ್ದಿಲ್ಲದೆ ಚಲಿಸಿದವು. ಅವಳದು ಸ್ಥೂಲ ಶರೀರ, ನೋಯುವ ಮಂಡಿ. ಎತ್ತಿದ ಕಾಲು ಇಳಿಯುವುದು ತಡವಾಯಿತು. ಅದು ನೆಲ ಮುಟ್ಟುವವರೆಗೆ ಅವನು ಸ್ವರವನ್ನು ಹಿಡಿದು ನಿಂತ. ತನ್ನಲ್ಲಿ ಇನ್ನೂ ಇದೆಯೆಂದು ಅವನೇ ನಂಬದಿದ್ದ ಉಸಿರು ಅದು. ವಾಸಿಲೊ ಕೂಡ ತಿರುವಿನಲ್ಲಿ ಹೀಗೇ ಕಾಯಿಸುತ್ತಿದ್ದಳು, ಬೇಕೆಂದೇ, ನಗುತ್ತಾ. ಅವಳು ಹೋದ ಮೇಲೆ ಅವನ ವಾದ್ಯ ಯಾರಿಗೂ ಕಾದಿರಲಿಲ್ಲ.

ಮಟ್ಟು ಮುಗಿಯಿತು. ಕೊನೆಯ ಗುಂಗು ಅಡಗುವವರೆಗೆ ಎವಾಂಥಿಯಾ ಒಂದು ಕಾಲ ಮೇಲೇ ನಿಂತಿದ್ದಳು.

"ಮಧ್ಯೆ ಒಂದ್ಕಡೆ ಲಯ ನಿಂತೇ ಹೋಯ್ತು," ಎಂದ ಲಾಂಬ್ರೊಸ್. "ಕತ್ತರಿಸಿ ಸರಿಮಾಡ್ಲಾ?"

"ಮುಟ್ಟು ನೋಡೋಣ, ಕೈ ಮುರೀತೀನಿ," ಎಂದಳು ಎವಾಂಥಿಯಾ.

ಮತ್ತೆ ಹಾಕಿ ಕೇಳಿದರು. ಆ ಕಾಯುವ ಸ್ವರ ಬಂದಾಗ ಸ್ಟೆರ್ಗಿಯೊಸ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಎವಾಂಥಿಯಾಳತ್ತ ತಿರುಗಿದ.

"ಇದನ್ನ ಬರಿಸಿದ್ದು ನೀನು ತಾಯಿ. ಆದ್ರೆ ಇದ್ರಲ್ಲಿ ಎಲ್ಲೂ ನಿನ್ನ ಸದ್ದೇ ಇಲ್ವಲ್ಲ!"

"ಮತ್ತೆ ಶೂ ಯಾಕೆ ಬಿಚ್ಚಿದ್ದು ಮಾಮ?"

ಅವಳ ಕಾಲುಚೀಲದ ತುದಿ ಹರಿದು ಹೆಬ್ಬೆರಳು ಹೊರಗೆ ಕಾಣುತ್ತಿತ್ತು. ಮುದುಕ ಬಾಗಿಲ ಬಳಿಗೆ ಹೋದ. ಬಗ್ಗದ ಸೊಂಟವನ್ನು ಬಗ್ಗಿಸಿ ಆ ಶೂಗಳನ್ನೆತ್ತಿ ತಂದು, ಅವಳು ಬೇಡ ಬೇಡ ಎನ್ನುತ್ತಿದ್ದರೂ, ಅವಳ ಪಾದಗಳ ಮುಂದೆ ಇಟ್ಟ.